ನೀಲಿ ರಾಜನ ಮಾತು

ಮಾರ್ಚ್ ೪, ಸೋಮವಾರ

ಇವತ್ತು ಮಾವ ನೀಲಿ ರಾಜನಿಗೆ ಬೈದದ್ದು ಎದುರುಮನೆಯವರೆಗೂ ಕೇಳಿಸಿದೆ. ಸಂಜೆ ಮೆಟ್ಟಿಲಲ್ಲಿ ಸಿಕ್ಕ ಆ ಮನೆಯಾಕೆ, ನಿಮ್ಮಲ್ಲಿ ಯಾರೋ ಬಂದು ಜಗಳ ಮಾಡಿದರಂತಲ್ಲ ಎಂದು ದನಿ ತಗ್ಗಿಸಿ ಕೇಳಿದಳು. ಯಾರೂ ಬಂದಿರಲಿಲ್ಲ. ನೀಲಿ ರಾಜ ಇರುವುದು ಕಂಪ್ಯೂಟರಿನ ಹೊಟ್ಟೆಯಲ್ಲಿ. ಹಾಗೆಂದು ಹೇಳಿದರೆ ಮನೆಯ ಮಾನ ಇನ್ನಷ್ಟು ಹೋದೀತೆಂದು, ಟಿವಿ ಜೋರಾಗಿತ್ತು ಎಂದೆ.

ಆಟ ತಂದುಕೊಟ್ಟವರು ಇವರು, ನನ್ನ ಗಂಡ. ಹಡಗಿನ ಇಂಜಿನ್ ಕೋಣೆಯಲ್ಲಿ ಕೆಲಸ, ವರ್ಷಕ್ಕೊಮ್ಮೆ ರಜೆ. ಹೋದ ರಜೆಗೆ ಬರುವ ಹೊತ್ತಿಗೆ ಅವರಪ್ಪನಿಗೆ ಸಣ್ಣದಾಗಿ ಸ್ಟ್ರೋಕ್ ಆಗಿ ಬಲಗೈ ಬೆರಳು ಸೋತಿದ್ದವು. ಮೌಸ್ ಹಿಡಿದು ಆಡಿಸಿದರೆ ಬೆರಳಿಗೆ ಒಳ್ಳೆಯದು ಎಂದು ಡಾಕ್ಟರ್ ಹೇಳಿದ್ದೇ ತಡ, ಈ ರಾಜರ ಆಟ ಹಾಕಿಕೊಟ್ಟು ಹಡಗು ಹತ್ತಿಬಿಟ್ಟರು. ಮಾವನದೊಂದು ರಾಜ್ಯ, ಸುತ್ತ ನಾಲ್ಕು ರಾಜ್ಯ. ಆ ನಾಲ್ವರು ರಾಜರನ್ನು ಆಡಿಸುವುದು ಕಂಪ್ಯೂಟರ್. ಅವರ ಮೇಲೆ ಯುದ್ಧಕ್ಕೆ ಹೋಗಬಹುದು, ಉಡುಗೊರೆ ಕಳಿಸಬಹುದು, ಒಪ್ಪಂದ ಮಾಡಿಕೊಳ್ಳಬಹುದು. ಮಾವನಿಗೆ ಯುದ್ಧ ಬೇಡ, ಒಪ್ಪಂದವೇ ಬೇಕು. ಆದರೆ ಪಕ್ಕದ ನೀಲಿ ರಾಜನ ಮಾತಿಗೆ ತಲೆಯಿಲ್ಲ, ಬುಡವಿಲ್ಲ. ನಿನ್ನೆ ಉಪ್ಪಿನ ಮೂಟೆ ಕಳಿಸಿದಾಗ ಸ್ನೇಹಿತ ಎಂದವನು ಇವತ್ತು ಅಷ್ಟೇ ಉಪ್ಪು ಕಳಿಸಿದರೆ ಬಂದರು ಸುಡುತ್ತಾನೆ.

ಬೇರೆಯವರಾಗಿದ್ದರೆ ಆಟ ತಾನೇ ಎಂದು ಸುಮ್ಮನಾಗುತ್ತಿದ್ದರು. ಮಾವ ಜೀವನವೆಲ್ಲ ದುಡಿದದ್ದು ತೂಕ ಮತ್ತು ಅಳತೆ ಇಲಾಖೆಯಲ್ಲಿ. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷೆ ಮಾಡಿ ಸೀಲು ಹಾಕುವ ಕೆಲಸ.

"ಒಂದೇ ಕಲ್ಲು ಇಟ್ರೆ ಒಂದೇ ತೂಕ ತೋರಿಸ್ಬೇಕು ಕಣಮ್ಮ," ಎಂದರು. "ದಿನಕ್ಕೊಂದು ತೋರಿಸಿದ್ರೆ ಅದು ತಕ್ಕಡಿ ಅಲ್ಲ."

ಮುಖವೆಲ್ಲ ಕೆಂಪಾಗಿತ್ತು. ನನಗೆ ಒಳಗೊಳಗೇ ನಗು. ಒಂದು ಕಂಪ್ಯೂಟರಿಗೆ ಇಷ್ಟು ಮರ್ಯಾದೆ ಕೊಟ್ಟು ಬೈಯುವವರನ್ನು ನಾನು ನೋಡಿರಲಿಲ್ಲ.

ಮಾರ್ಚ್ ೭, ಗುರುವಾರ

ನಗು ಹೋಯಿತು. ಐದು ವರ್ಷದ ಒಪ್ಪಂದಕ್ಕೆ ಮುದ್ರೆ ಒತ್ತಿದ ಮರುಸರದಿಗೇ ನೀಲಿ ರಾಜ ದಂಡೆತ್ತಿ ಬಂದ. ಮಾವ ಕುರ್ಚಿಯಿಂದ ಎದ್ದು ನಿಂತು ನಡುಗುತ್ತಿದ್ದರು. ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದರೆ ಬಹಳ ಏರಿತ್ತು. ಎಷ್ಟಿದೆ ಎಂದು ಕೇಳಿದರು. ನಿಜ ಹೇಳಿದರೆ ಇನ್ನೂ ಏರುತ್ತದೆ, ಅದಕ್ಕೇ ಕಮ್ಮಿ ಮಾಡಿ ಹೇಳಿದೆ.

ಡಾಕ್ಟರಿಗೆ ಫೋನು ಮಾಡಿದರೆ, ಹಾಗಾದರೆ ಆಟ ನಿಲ್ಲಿಸಿ ಎಂದರು. ಅವರಿಗೇನು, ಹೇಳಿಬಿಟ್ಟರು. ಆಟ ಬರುವ ಮೊದಲು ಮಾವ ಇಡೀ ದಿನ ಗೋಡೆ ನೋಡುತ್ತ ಕೂತಿರುತ್ತಿದ್ದರು. ಈಗ ಅಂಗಿಯ ಗುಂಡಿ ತಾವೇ ಹಾಕಿಕೊಳ್ಳುತ್ತಾರೆ. ಅದನ್ನು ಕಿತ್ತುಕೊಳ್ಳಲು ನನ್ನ ಕೈಲಾಗದು.

ಮಾರ್ಚ್ ೯, ಶನಿವಾರ

ದಾರಿ ಸಿಕ್ಕಿತು. ಅಕ್ಷರ ಚಿಕ್ಕದಾಗಿದೆ, ದೊಡ್ಡದು ಮಾಡಿಕೊಡು ಎಂದು ಮಾವ ಕರೆದಿದ್ದರು. ಅದನ್ನು ಹುಡುಕುತ್ತಿದ್ದಾಗ ಇನ್ನೊಂದು ಕಣ್ಣಿಗೆ ಬಿತ್ತು: ಕಂಪ್ಯೂಟರ್ ಆಡಿಸುವ ಯಾವ ರಾಜನನ್ನಾದರೂ ಬೇರೆ ಒಬ್ಬರು ತಮ್ಮ ಫೋನಿನಿಂದ ಆಡಿಸಬಹುದಂತೆ. ಮಾವ ನೀರು ಕುಡಿಯಲು ಒಳಗೆ ಹೋದ ಹೊತ್ತಿನಲ್ಲಿ ನೀಲಿ ರಾಜನನ್ನು ನನ್ನ ಫೋನಿಗೆ ಇಳಿಸಿಕೊಂಡೆ. ಅವರ ಪರದೆಯ ಮೇಲೆ ಏನೂ ಬದಲಾಗಲಿಲ್ಲ. ಅದೇ ಕಿರೀಟ, ಅದೇ ಮೀಸೆ. ಮಾತುಗಳೂ ಅವೇ, ಆಟದವರು ಮೊದಲೇ ಬರೆದಿಟ್ಟವು. ನಾನು ಒಪ್ಪಿದೆ ಅಥವಾ ಒಪ್ಪಲಿಲ್ಲ ಎಂದು ಒತ್ತಿದರೆ ಸಾಕು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಸ್ವಲ್ಪ ಅನ್ನಿಸಿತು, ಇಲ್ಲವೆನ್ನಲಾರೆ. ಆದರೆ ಯಾರ ಹಾಲನ್ನೂ ಕದಿಯುತ್ತಿಲ್ಲವಲ್ಲ.

ಮಾರ್ಚ್ ೧೩, ಬುಧವಾರ

ಒಪ್ಪಂದ ನಿಂತಿದೆ. ಬಿಪಿ ಇಳಿದಿದೆ. ಇವತ್ತು ಹೇಳಿದ ಲೆಕ್ಕ ನಿಜವಾದದ್ದೇ.

ಮಾರ್ಚ್ ೧೮, ಸೋಮವಾರ

ರಾಜ್ಯಭಾರ ಎಂದರೆ ಏನೆಂದು ಈಗ ಗೊತ್ತಾಗುತ್ತಿದೆ. ನಾನು ಕೆಲಸ ಮಾಡುವ ಅಂಗಡಿಯಲ್ಲಿ ಒಬ್ಬರ ಕನ್ನಡಕದ ಕಾಲು ಬಗ್ಗಿಸಿ ಕಿವಿಗೆ ಕೂರಿಸುತ್ತಿದ್ದೆ, ಫೋನು ಗುರ್ ಎಂದಿತು. ಮಾವ ಉಪ್ಪು ಕಳಿಸಿದ್ದಾರೆ. ಗಿರಾಕಿಯ ಕೈಗೆ ಕನ್ನಡಿ ಕೊಟ್ಟು, ನಿಮ್ಮ ಮುಖಕ್ಕೆ ಹೇಳಿ ಮಾಡಿಸಿದ ಹಾಗಿದೆ ಎಂದು ಹೊಗಳಿ, ಅವರು ಹಿಗ್ಗುವಷ್ಟರಲ್ಲಿ ಉಪ್ಪು ತೆಗೆದುಕೊಂಡೆ. ಅಂಗಡಿ ಮಾಲೀಕರು ಏನದು ಪದೇಪದೇ ಎಂದು ಕೇಳಿದರು. ಹಡಗಿನಿಂದ ಸಂದೇಶ ಎಂದೆ. ಅವರಿಗೆ ಪಾಪ ಎನ್ನಿಸಿರಬೇಕು, ನಾಚಿಕೊಂಡು ಆಚೆ ಹೋದರು.

ಸಂಜೆ ಮಾವ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಮ್ಮ ಸಂಶೋಧನೆ ವಿವರಿಸಿದರು. ನೀಲಿ ರಾಜನನ್ನು ಒಲಿಸಿಕೊಳ್ಳಲು ಒಂದು ಕ್ರಮ ಇದೆಯಂತೆ. ಮೊದಲು ಉಪ್ಪು ಕಳಿಸಬೇಕು. ಆಮೇಲೆ ಹೊಳೆದಂಡೆಯ ಸೈನ್ಯ ಹಿಂದಕ್ಕೆ ಕರೆಸಬೇಕು. ಒಂದು ಸರದಿ ಬಿಟ್ಟು ಒಪ್ಪಂದದ ಮಾತು ಎತ್ತಬೇಕು. ಕ್ರಮ ತಪ್ಪಿದರೆ ಅವನು ಒಪ್ಪುವುದಿಲ್ಲ.

"ಯಾವ ತಕ್ಕಡಿಗೂ ಒಂದು ಗುಣ ಇರುತ್ತೆ. ತಾಳ್ಮೆಯಿಂದ ಕೂತ್ರೆ ಅದೇ ತೋರಿಸ್ಕೊಡುತ್ತೆ," ಎಂದರು.

ಅವರ ಮುಖದಲ್ಲಿದ್ದ ಬೆಳಕನ್ನು ನಾನು ಸ್ಟ್ರೋಕ್ ಆದಮೇಲೆ ನೋಡಿರಲೇ ಇಲ್ಲ. ನಿಜ ಹೇಳಬೇಕೆಂದರೆ ಆ ಕ್ರಮಕ್ಕೆ ಅರ್ಥವೇ ಇರಲಿಲ್ಲ, ನಾನು ಕೈಗೆ ಬಿಡುವಾದಾಗ ಒಪ್ಪಿದೆ ಎಂದು ಒತ್ತುತ್ತಿದ್ದೆ ಅಷ್ಟೆ. ಆದರೆ ಅಷ್ಟು ಕಷ್ಟಪಟ್ಟು ಕಂಡುಹಿಡಿದದ್ದು ಸುಳ್ಳಾಗಬಾರದು. ನಾಳೆಯಿಂದ ಅವರು ಹೇಳಿದ ಕ್ರಮದಲ್ಲಿ ಬಂದರೆ ಮಾತ್ರ ಒಪ್ಪುವುದು, ತಪ್ಪಿದರೆ ಒಪ್ಪದಿರುವುದು ಎಂದು ತೀರ್ಮಾನಿಸಿದ್ದೇನೆ.

ಮಾರ್ಚ್ ೨೧, ಗುರುವಾರ

ಬೇಕೆಂದೇ ಕ್ರಮ ತಪ್ಪಿಸಿ ನೋಡಿದರು. ಒಪ್ಪಲಿಲ್ಲ. ಮತ್ತೆ ಸರಿಯಾಗಿ ಮಾಡಿದರು. ಒಪ್ಪಿದೆ. ನಾನು ಅಡುಗೆಮನೆಯಲ್ಲಿ ಒಂದು ಕೈಯಲ್ಲಿ ಸೌಟು, ಒಂದು ಕೈಯಲ್ಲಿ ಫೋನು ಹಿಡಿದಿದ್ದೆ. ಆಚೆಯಿಂದ ಚಪ್ಪಾಳೆ ಕೇಳಿಸಿತು. ಎಡಗೈಗೆ ಆ ಸೋತ ಬಲಗೈ ತಟ್ಟಿದ ಚಪ್ಪಾಳೆ.

ಮಾರ್ಚ್ ೨೪, ಭಾನುವಾರ

ಈ ಆಟ ಆಡುವವರೆಲ್ಲ ಸೇರಿ ಬರೆಯುವ ಒಂದು ಜಾಲತಾಣ ಇದೆ. ಮಾವ ಅದಕ್ಕೊಂದು ಲೇಖನ ಬರೆದಿದ್ದಾರೆ. ನನಗೆ ಗೊತ್ತೇ ಇರಲಿಲ್ಲ. ಸೋತ ಬೆರಳಲ್ಲಿ ಒಂದೊಂದೇ ಅಕ್ಷರ ಒತ್ತಿ, ನಾನು ಅಂಗಡಿಗೆ ಹೋದಾಗಲೆಲ್ಲ ಬರೆದದ್ದಂತೆ. ನೀಲಿ ರಾಜನ ಸ್ವಭಾವ, ಪರೀಕ್ಷೆ ಮಾಡಿದ ಬಗೆ, ಬಂದ ಫಲಿತಾಂಶ, ಎಲ್ಲವೂ ಇಲಾಖೆಯ ವರದಿಯ ಹಾಗೆ. ಕೊನೆಯಲ್ಲಿ ಸಹಿ: ನಿವೃತ್ತ ತಕ್ಕಡಿ ಇನ್ಸ್‌ಪೆಕ್ಟರ್.

ಗಟ್ಟಿಯಾಗಿ ಓದಿ ತೋರಿಸಿ, ಹೇಗಿದೆ ಎಂದರು. ಆಗಲೇ ಹೇಳಬೇಕಿತ್ತು. ಚೆನ್ನಾಗಿದೆ ಮಾವ ಎಂದೆ. ಅವರು ಕಳಿಸುವ ಗುಂಡಿ ಒತ್ತಿದರು.

ಮಾರ್ಚ್ ೨೭, ಬುಧವಾರ

ಉತ್ತರಗಳು ಬಂದಿವೆ. ಕೋಟೆಕಳ್ಳ ಎಂಬ ಹೆಸರಿಟ್ಟುಕೊಂಡವನೊಬ್ಬ ಆ ಕ್ರಮವನ್ನು ಹತ್ತಾರು ಸಲ ಮಾಡಿ ನೋಡಿದನಂತೆ. ಕೆಲವು ಸಲ ಸ್ನೇಹ, ಹೆಚ್ಚಿನ ಸಲ ಬೆಂಕಿ. ಇನ್ನೂ ಬಹಳ ಮಂದಿ ಹಾಗೆಯೇ ಬರೆದಿದ್ದಾರೆ. ಆ ರಾಜನ ಮನಸ್ಸು ದಾಳ ಉರುಳಿಸಿದ ಹಾಗೆ, ಅದಕ್ಕೆ ಕ್ರಮವೇ ಇಲ್ಲ ಎನ್ನುವುದು ಎಲ್ಲರ ಮಾತು. ಒಬ್ಬ ಮಾತ್ರ, ತಾತ ಕನಸು ಕಂಡಿರಬೇಕು ಎಂದು ಹಲ್ಲು ಕಿರಿದಿದ್ದಾನೆ.

ಮಾವ ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ. ಎಲ್ಲವನ್ನೂ ನಿಧಾನವಾಗಿ ಓದಿ, ಇವರು ಪರೀಕ್ಷೆ ಸರಿಯಾಗಿಯೇ ಮಾಡಿದ್ದಾರೆ ಎಂದರು. ಬೈದಿದ್ದರೇ ಚೆನ್ನಾಗಿತ್ತು.

ಮಾರ್ಚ್ ೨೯, ಶುಕ್ರವಾರ

ನನ್ನ ಗ್ರಹಚಾರ. ಅಂಗಡಿಯಲ್ಲಿ ಶಾಲಾಮಕ್ಕಳ ಕಣ್ಣಿನ ತಪಾಸಣೆ ಇತ್ತು, ಕತ್ತೆತ್ತಲು ಪುರುಸೊತ್ತಿಲ್ಲ, ಫೋನು ಒಳಕೋಣೆಯಲ್ಲಿ ಚಾರ್ಜಿಗಿಟ್ಟು ಮರೆತೇಬಿಟ್ಟೆ. ಆಡುವವರು ಬಹಳ ಹೊತ್ತು ಉತ್ತರ ಕೊಡದಿದ್ದರೆ ಕಂಪ್ಯೂಟರ್ ತನ್ನ ರಾಜನನ್ನು ತಾನೇ ಆಡಿಸಲು ಶುರುಮಾಡುತ್ತದೆಂದು ನನಗೇನು ಗೊತ್ತು? ಮನೆಗೆ ಬಂದಾಗ ಮಾವನ ಬಂದರು ಬೂದಿಯಾಗಿತ್ತು.

ಅವರು ಕ್ರಮ ತಪ್ಪಿರಲಿಲ್ಲ. ಪರದೆಯ ಕಡೆ ನೋಡುತ್ತ ಕೇಳಿದರು, "ಮುಂಚೆ ಅವನು ಒಪ್ಪಿದ್ದು ನಾನು ನೋಡಿದ್ದು ಹೌದಾ? ಅಥವಾ ಒಪ್ದ ಅಂತ ನಾನೇ ಅಂದ್ಕೊಂಡ್ನಾ?"

ಹೌದು ಮಾವ, ನಾನೂ ನೋಡಿದ್ದೆನಲ್ಲ ಎಂದೆ. ನೀನು ಅಡುಗೆಮನೆಯಲ್ಲಿದ್ದೆ ಎಂದರು.

ಏಪ್ರಿಲ್ ೧, ಸೋಮವಾರ

ಬರೆಯಲು ಕೈ ಬರುತ್ತಿಲ್ಲ. ಬೆಳಿಗ್ಗೆ ಮಾವ ತಮ್ಮ ಬೀರುವಿನ ಬೀಗದಕೈ ತಂದು ನನ್ನ ಕೈಲಿಟ್ಟರು. ಇನ್ನು ಮೇಲೆ ತಾವು ಒಲೆ ಹಚ್ಚುವುದಿಲ್ಲವಂತೆ, ಒಬ್ಬರೇ ರಸ್ತೆಗೆ ಹೋಗುವುದಿಲ್ಲವಂತೆ. ನಾನು ಏಕೆಂದು ಕೇಳುವ ಮೊದಲೇ ಹೇಳಿದರು.

"ಮುಳ್ಳು ಅಲುಗಾಡೋ ತಕ್ಕಡೀನ ಅಂಗಡೀಲಿ ಇಡಬಾರ್ದು ಕಣಮ್ಮ. ಸೀಲು ಕಿತ್ತು ಪಕ್ಕಕ್ಕೆ ಇಡ್ಬೇಕು. ಎಷ್ಟು ಜನರ ಅಂಗಡೀಲಿ ನಾನೇ ಕಿತ್ತಿಲ್ಲ."

ಬೀಗದಕೈ ಬಿಸಿಯಾಗಿತ್ತು, ಬಹಳ ಹೊತ್ತು ಮುಷ್ಟಿಯಲ್ಲೇ ಹಿಡಿದಿದ್ದರೆಂದು ಕಾಣುತ್ತದೆ. ನಾನು ಅದನ್ನು ಅಡುಗೆಮನೆಯ ಮೊಳೆಗೆ ನೇತುಹಾಕಿ ಅಂಗಡಿಗೆ ಹೋದೆ. ಎಂಥ ಹೆಂಗಸು ನಾನು!

ಮಧ್ಯಾಹ್ನ ಇವರ ಫೋನು ಬಂತು. ಅಪ್ಪ ಹೇಗಿದ್ದಾರೆ ಎಂದರು. ಸ್ವಲ್ಪ ಸುಸ್ತು, ಬೇರೇನಿಲ್ಲ ಎಂದೆ. ಆದರೆ ಮಾವನೇ ಮಗನಿಗೆ ಆಗಲೇ ಎಲ್ಲ ಹೇಳಿದ್ದರು. ನೆನಪಿನ ಡಾಕ್ಟರ ಹತ್ತಿರ ಶುಕ್ರವಾರಕ್ಕೆ ಸಮಯ ತೆಗೆದುಕೊಂಡಾಗಿದೆಯಂತೆ.

ಏಪ್ರಿಲ್ ೩, ಬುಧವಾರ

ಅಂಗಿಯ ಗುಂಡಿ ಹಾಕಿಕೊಡು ಎಂದು ಕರೆದರು. ಹಾಕಿದೆ.

ಏಪ್ರಿಲ್ ೫, ಶುಕ್ರವಾರ

ಡಾಕ್ಟರು ಬಹಳ ಮೆದು ಮಾತಿನ ಹೆಂಗಸು. ಚಿತ್ರ ತೋರಿಸಿ ಇದೇನು ಎಂದು ಕೇಳಿದರು. ಗಡಿಯಾರ ಬರೆಯಿರಿ ಎಂದರು. ಇವತ್ತು ಯಾವ ವಾರ ಎಂದರು. ಮಾವನಿಗೆ ಎಲ್ಲವೂ ಗೊತ್ತಿತ್ತು, ತುಟಿಯವರೆಗೂ ಬರುತ್ತಿತ್ತು. ಆದರೆ ಪ್ರತಿ ಉತ್ತರಕ್ಕೂ ಮುಂಚೆ ನನ್ನ ಕಡೆ ತಿರುಗಿ, "ಶುಕ್ರವಾರ, ಅಲ್ವಾ?" ಎಂದು ಒಪ್ಪಿಗೆ ಕೇಳುತ್ತಿದ್ದರು. ಊರಿಗೆಲ್ಲ ತೂಕ ಸರಿಮಾಡಿದ ಮನುಷ್ಯ, ವಾರದ ಹೆಸರು ಹೇಳಲು ಸೊಸೆಯ ಮುಖ ನೋಡುವ ಹಾಗಾಯಿತು. ನೋಡುವುದಾದರೂ ಯಾರ ಮುಖ?

ಮನೆಯಲ್ಲಿ ಇತ್ತೀಚೆಗೆ ಮನಸ್ಸಿಗೆ ಪೆಟ್ಟಾಗುವಂಥದ್ದು ಏನಾದರೂ ನಡೆಯಿತೇ ಎಂದು ಡಾಕ್ಟರ್ ನನ್ನನ್ನು ಬೇರೆಯಾಗಿ ಕೇಳಿದರು. ಬಾಗಿಲು ತೆರೆದೇ ಇಟ್ಟಿದ್ದರು, ನಾನು ಒಳಗೆ ಕಾಲಿಡಬೇಕಿತ್ತು ಅಷ್ಟೆ. ಅಂಥದ್ದೇನಿಲ್ಲ ಎಂದೆ. ತಲೆಯ ಸ್ಕ್ಯಾನ್ ಮಾಡಿಸಲು ಬರೆದುಕೊಟ್ಟರು.

ಬಸ್ಸಿನಲ್ಲಿ ಮಾವ ನನ್ನ ಕೈ ಹಿಡಿದುಕೊಂಡು ಕೂತರು, ಇಳಿಯುವ ಜಾಗ ತಪ್ಪಬಾರದೆಂದು. ಉಪ್ಪುಂಡ ಮನೆಗೆ ಎರಡು ಬಗೆಯಬಾರದು ಎನ್ನುತ್ತಾರೆ. ಅವರು ಮೂಟೆ ಮೂಟೆ ಉಪ್ಪು ಕಳಿಸಿದ್ದರು ನನಗೆ.

ಏಪ್ರಿಲ್ ೬, ಶನಿವಾರ

ಹೇಳಿದೆ. ತಿಂಡಿಯ ತಟ್ಟೆ ಎತ್ತುವ ಮುಂಚೆಯೇ ಹೇಳಿಬಿಟ್ಟೆ, ಎತ್ತಿದ ಮೇಲೆ ಧೈರ್ಯ ಸಾಲುತ್ತದೋ ಇಲ್ಲವೋ ಎಂದು. ನೀಲಿ ರಾಜ ನಾನೇ, ಒಪ್ಪಂದಕ್ಕೆ ಒಪ್ಪುತ್ತಿದ್ದವಳು ನಾನೇ, ನಿಮ್ಮ ತಲೆಗೆ ಏನೂ ಆಗಿಲ್ಲ ಮಾವ ಎಂದೆ.

ಬೈಯುತ್ತಾರೆ, ಇಲ್ಲವೇ ತಟ್ಟೆ ಎಸೆಯುತ್ತಾರೆ, ಎರಡಕ್ಕೂ ಸಿದ್ಧಳಾಗಿದ್ದೆ. ಅವರು ನಕ್ಕರು. ನನ್ನ ತಲೆ ಸವರಿದರು.

"ನನ್ನ ಸಮಾಧಾನಕ್ಕೆ ಹೇಳ್ತಿದೀಯ. ಬಿಪಿ ಕೂಡ ನೀನು ಕಮ್ಮಿ ಮಾಡಿ ಹೇಳ್ತೀಯ, ನನಗೆ ಗೊತ್ತಿಲ್ವಾ? ಒಳ್ಳೇ ಮನಸ್ಸು ನಿಂದು, ಇಲ್ಲ ಅನ್ನಲ್ಲ."

ಎಷ್ಟು ಆಣೆ ಪ್ರಮಾಣ ಮಾಡಿದರೂ ನಂಬಲಿಲ್ಲ. ಇಷ್ಟು ದಿನ ಸುಳ್ಳು ನಂಬಿದವರು ನಿಜ ಹೇಳಿದಾಗ ತಲೆ ಸವರುತ್ತಾರೆಂದರೆ ಅದಕ್ಕಿಂತ ದೊಡ್ಡ ಏಟು ಇದೆಯೇ? ನಾನು ಅಳುತ್ತಲೇ ಹೋಗಿ ಕಂಪ್ಯೂಟರ್ ಹಾಕಿದೆ. ಫೋನು ಹಿಡಿದು ಅವರ ಎದುರಿಗೇ ಕುರ್ಚಿ ಎಳೆದುಕೊಂಡೆ. ಪರೀಕ್ಷೆ ಮಾಡಿ ಮಾವ, ನೀಲಿ ರಾಜ ಏನು ಮಾಡಬೇಕೆಂದು ನೀವೇ ಹೇಳಿ ಎಂದೆ.

ಪರೀಕ್ಷೆ ಎಂದ ಮೇಲೆ ಅವರು ನೆಟ್ಟಗೆ ಕೂತರು. ಕುದುರೆ ಕಳಿಸು ಎಂದರು. ನಾನು ಒತ್ತಿದೆ, ಅವರ ಪರದೆಯಲ್ಲಿ ಕುದುರೆ ಬಂದವು. ಗಡಿಯಿಂದ ಸೈನ್ಯ ತೆಗಿ ಎಂದರು. ತೆಗೆದೆ. ಅವರು ನನ್ನ ಫೋನು ನೋಡಿದರು, ಪರದೆ ನೋಡಿದರು, ಮತ್ತೆ ಫೋನು ನೋಡಿದರು. ಎರಡೂ ಕಾಕತಾಳೀಯ ಇರಬಹುದು ಎಂದುಕೊಂಡಿರಬೇಕು.

"ನನ್ನ ಬಂದರು ಸುಡು," ಎಂದರು.

ಮೊನ್ನೆಯಷ್ಟೇ ಬೂದಿಯಾದ ಬಂದರನ್ನು ಅವರು ಮತ್ತೆ ಕಟ್ಟಿಸಿದ್ದರು. ಬೇರೆ ಏನಾದರೂ ಹೇಳಿ ಮಾವ ಎಂದೆ. ತಲೆ ಅಲ್ಲಾಡಿಸಿದರು. ಒತ್ತಿದೆ. ಅವರ ಪರದೆಯಲ್ಲಿ ಮೀಸೆಯ ರಾಜ ಬಂದು, ನಿಮ್ಮ ಸ್ನೇಹ ನಮಗೆ ಸಾಕಾಗಿದೆ ಎಂದ. ಆಮೇಲೆ ಹಡಗುಗಳೆಲ್ಲ ಹೊತ್ತಿಕೊಂಡವು.

"ಅಂದ್ರೆ ನನ್ನ ತಲೆ ಸರಿಯಾಗೇ ಇದೆ," ಎಂದರು ಮಾವ.

ಕಣ್ಣಲ್ಲಿ ನೀರು ತುಂಬಿತು. ಮೊದಲು ಬಂದದ್ದು ಸಂತೋಷದ್ದು, ಅದನ್ನು ನಾನು ನೋಡಿದೆ. ನನ್ನ ಕಡೆ ತಿರುಗಿದ ಮೇಲೆ ಅದು ಸಂತೋಷದ್ದಾಗಿ ಉಳಿಯಲಿಲ್ಲ. ಎದ್ದರು. ಅಡುಗೆಮನೆಗೆ ಹೋಗಿ ಮೊಳೆಯಿಂದ ತಮ್ಮ ಬೀಗದಕೈ ತೆಗೆದುಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಏಪ್ರಿಲ್ ೮, ಸೋಮವಾರ

ಮಾತಿಲ್ಲ. ಒಲೆ ತಾವೇ ಹಚ್ಚಿ ಚಹಾ ಮಾಡಿಕೊಂಡರು, ಒಂದೇ ಲೋಟ.

ಇವರಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ನೀನು ಒಳ್ಳೆಯದಕ್ಕೇ ಮಾಡಿದ್ದೀಯ ಬಿಡು ಎಂದರು. ಹಾಗೆನ್ನಬೇಡಿ, ಆ ಮಾತಿನಿಂದಲೇ ಇಲ್ಲಿಯವರೆಗೆ ಬಂದದ್ದು ಎಂದೆ. ಸ್ಕ್ಯಾನ್ ಬೇಡವೆಂದು ಡಾಕ್ಟರಿಗೂ ನಾನೇ ಫೋನು ಮಾಡಿದೆ. ಆ ಮೆದು ಮಾತಿನ ಹೆಂಗಸು ಈ ಸಲ ಅಷ್ಟು ಮೆದುವಾಗಿ ಮಾತಾಡಲಿಲ್ಲ. ಬೇಕಾಗಿತ್ತು ನನಗೆ, ಮಾಡಿದ್ದುಣ್ಣೋ ಮಹಾರಾಯ.

ಏಪ್ರಿಲ್ ೧೧, ಗುರುವಾರ

ಮಾವ ಆ ಜಾಲತಾಣಕ್ಕೆ ಇನ್ನೊಂದು ಬರಹ ಹಾಕಿದ್ದಾರೆ. ಕದ್ದು ಓದಿದೆ. ಮೂರೇ ಸಾಲು. ನನ್ನ ಹಿಂದಿನ ವರದಿ ತಪ್ಪು. ಪರೀಕ್ಷೆಯ ಹೊತ್ತಿನಲ್ಲಿ ತಕ್ಕಡಿಯನ್ನು ಹಿಂದಿನಿಂದ ಒಬ್ಬರು ಹಿಡಿದಿದ್ದರು. ನಾನು ತಿರುಗಿ ನೋಡಬೇಕಿತ್ತು, ನೋಡಲಿಲ್ಲ.

ಕೊನೆಗೂ ತಪ್ಪನ್ನು ತಮ್ಮ ತಲೆಯ ಮೇಲೇ ಹಾಕಿಕೊಂಡಿದ್ದಾರೆ. ಆ ಒಬ್ಬರು ಯಾರೆಂದು ಬರೆದಿಲ್ಲ. ಬರೆದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಏಪ್ರಿಲ್ ೧೪, ಭಾನುವಾರ

ಬೆಳಿಗ್ಗೆ ಹೊರಕೋಣೆಯಿಂದ ಮೌಸಿನ ಟಿಕ್ ಟಿಕ್ ಕೇಳಿಸಿತು. ಹೋಗಿ ಬಾಗಿಲ ಹತ್ತಿರ ನಿಂತೆ. ನೀಲಿ ರಾಜನನ್ನು ನಾನು ಅವತ್ತೇ ಫೋನಿನಿಂದ ತೆಗೆದುಹಾಕಿದ್ದೆ. ಈಗ ಅವನು ಮತ್ತೆ ಕಂಪ್ಯೂಟರಿನವನು. ಬಹಳ ಹಿಂಜರಿದು ಕೇಳಿದೆ: ಮಾವ, ನಾನು ಎದುರಿಗೇ ಕೂತು, ನಿಮಗೆ ಗೊತ್ತಿದ್ದೇ ಅವನನ್ನು ಆಡಿಸಲಾ? ನಿಮಗೂ ಜೊತೆಯಾಗುತ್ತದೆ.

ಮಾವ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಆದರೆ ಆರನೆಯ ತಾರೀಕಿನ ನಂತರ ಮೊದಲ ಸಲ ಮಾತಾಡಿದರು.

"ಬೇಡಮ್ಮ. ಅವನೇ ಇರ್ಲಿ. ಅವನು ಯಾವಾಗ ಕೈ ಕೊಡ್ತಾನೋ ಗೊತ್ತಿಲ್ಲ, ಆದ್ರೆ ಕೊಡ್ತಾನೆ ಅಂತ ಗೊತ್ತು. ಅನುಮಾನ ಇಟ್ಕೊಂಡೇ ಆಡ್ಬಹುದು. ನಿನ್ನ ಮೇಲೆ ಅನುಮಾನ ಇಟ್ಕೊಂಡು ಒಂದೇ ಮನೇಲಿ ಊಟ ಮಾಡೋದು ಕಷ್ಟ."

ಅಡುಗೆಮನೆಗೆ ಬಂದು ನಲ್ಲಿ ಬಿಟ್ಟು ಅತ್ತೆ. ಅತ್ತದ್ದು ಅವರಿಗೆ ಕೇಳಬಾರದೆಂದು ನಲ್ಲಿ ಬಿಟ್ಟೆ ಎಂದು ಹೊಳೆದಾಗ ನಲ್ಲಿಯನ್ನೂ ನಿಲ್ಲಿಸಿದೆ.

ಮಧ್ಯಾಹ್ನ ಹೊರಕೋಣೆಯಿಂದ ಬೈಗುಳ ಶುರುವಾಯಿತು. ಬಂದರು ಹೋಯಿತೆಂದು ಕಾಣುತ್ತದೆ. ಸ್ವಲ್ಪ ಹೊತ್ತು ಬಿಟ್ಟು, ಬಿಪಿ ನೋಡು ಎಂದು ತಾವೇ ಕರೆದು ತೋಳು ಚಾಚಿದರು. ಪಟ್ಟಿ ಸುತ್ತಿದೆ. ಎಷ್ಟಿದೆ ಎಂದರು. ಬಹಳ ಏರಿತ್ತು. ಬಾಯಿಗೆ ಬಂದ ಬೇರೆ ಲೆಕ್ಕವನ್ನು ನುಂಗಿಕೊಂಡು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಮಾವ ಕನ್ನಡಕ ಹಾಕಿಕೊಂಡು ಯಂತ್ರವನ್ನು ತಮ್ಮ ಕಡೆ ತಿರುಗಿಸಿ ಬಗ್ಗಿ ನೋಡಿದರು.

"ಸರಿಯಾಗೇ ಹೇಳಿದೀಯ," ಎಂದರು. "ಇನ್ನೊಂದ್ಸಲ ನೋಡು."

ಐದು ನಿಮಿಷ ಕಾದೆವು. ಮತ್ತೆ ಪಟ್ಟಿ ಸುತ್ತಿದೆ. ಸ್ವಲ್ಪ ಇಳಿದಿತ್ತು, ಅದನ್ನೂ ಇದ್ದ ಹಾಗೆ ಓದಿ ಹೇಳಿದೆ. ಅವರು ಮತ್ತೆ ಬಗ್ಗಿ ನೋಡಿದರು.